ಹಳೆಯ ವ್ಯಾನಿಗೂ ಚಳಿಯಾಗುತ್ತದೆ

ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲಿಕ್ಕೋ ಪರದೇಶಕ್ಕೆ ಹೋಗಿಬಂದ ತಾಯಂದಿರು ನಮ್ಮ ಊರುಗಳಲ್ಲಿ ಈಗ ಬೀದಿಗೊಬ್ಬರಿದ್ದಾರೆ. ಬಂದವರೆಲ್ಲ ಅರಮನೆ, ಗಡಿಯಾರದ ಗೋಪುರ, ಝಗಝಗಿಸುವ ಅಂಗಡಿಗಳ ಫೋಟೋ ತೋರಿಸುತ್ತಾರೆ. ನಾನು ತೋರಿಸುವುದು ಒಂದೇ ಒಂದು ಫೋಟೋ. ಮರವಿಲ್ಲದ ಬಟಾಬಯಲಿನಲ್ಲಿ, ರಸ್ತೆಯ ಪಕ್ಕ, ಹಿಂದುಗಡೆ ಮುಚ್ಚಳ ತೆರೆದುಕೊಂಡು ನಿಂತ ಹಳೆಯ ವ್ಯಾನು. ಅದರ ಪಕ್ಕ ಕೊಡೆ ಹಿಡಿದು ನಿಂತ ನಾನು. "ಇದೇನ್ರೀ ಇದು, ಅಷ್ಟು ದೂರ ಹೋಗಿ ಕೆಟ್ಟು ನಿಂತ ಗಾಡಿ ಫೋಟೋ ತಂದಿದ್ದೀರಿ!" ಎಂದು ಪಕ್ಕದ ಮನೆಯವರು ನಗುತ್ತಾರೆ. ನಗಲಿ ಬಿಡಿ. ಆ ವ್ಯಾನಿನಿಂದ ನಾನು ಕಲಿತದ್ದನ್ನು ನಿಮಗೂ ಹೇಳಿಬಿಡೋಣವೆಂದು ಈ ಬರಹ.

ಇದು 2022ರ ಅಕ್ಟೋಬರ್ ತಿಂಗಳ ಮಾತು. ಮಗಳು, ಅಳಿಯಂದಿರು, ಐದು ವರ್ಷದ ಮೊಮ್ಮಗ ಇರುವುದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಮಗುವಿನ ಶಾಲೆಗೆ ರಜ ಬಂದಿತ್ತು. "ಅತ್ತೆ, ನಿಮ್ಮನ್ನ ಹೈಲ್ಯಾಂಡ್ಸ್‌ಗೆ ಕರ್ಕೊಂಡು ಹೋಗ್ತೀನಿ, ನಮ್ಮ ವ್ಯಾನಿನಲ್ಲೇ" ಎಂದು ಅಳಿಯಂದಿರು ಹುರುಪಿನಿಂದ ಹೇಳಿದರು. ಮಗಳು ಮಾತ್ರ ಮುಖ ತಿರುಗಿಸಿಕೊಂಡಳು. ಆ ಮನೆಯಲ್ಲಿ ವ್ಯಾನಿನ ಸುದ್ದಿ ಬಂದರೆ ಹಾಗೆಯೇ. ಅಡುಗೆಮನೆಗೆ ಹೊಸ ಒಲೆ ಹಾಕಿಸಲೆಂದು ಕೂಡಿಟ್ಟ ದುಡ್ಡು ಆ ವ್ಯಾನಿಗೆ ಹೋಗಿತ್ತು.

ವ್ಯಾನಿನ ಪರಿಚಯ ಮಾಡಿಸದಿದ್ದರೆ ಮುಂದಿನದು ತಿಳಿಯುವುದಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಈ ಜಾತಿಯ ವ್ಯಾನನ್ನು 1950ರಲ್ಲಿ ಮಾಡಲು ಶುರುಮಾಡಿತು. ಕಟ್ಟಕಡೆಗೆ ಬ್ರೆಜಿಲ್ ದೇಶದ ಕಾರ್ಖಾನೆಯಲ್ಲಿ 2013ರಲ್ಲಿ ಇದರ ತಯಾರಿಕೆ ನಿಂತಿತು. ಅಳಿಯಂದಿರು ಕೊಂಡದ್ದು 1976ನೇ ಇಸವಿಯದು. ನನ್ನ ಮದುವೆಯಾದದ್ದೂ ಅದೇ ವರ್ಷ. "ನಿಮ್ಮ ಓರಗೆಯದು ಅತ್ತೆ" ಎಂದರು. "ಹಾಗಾದ್ರೆ ಇದಕ್ಕೂ ಚಳಿಗಾಲದಲ್ಲಿ ಮಂಡಿ ಹಿಡಿದುಕೊಳ್ಳಬೇಕು" ಎಂದೆ. ತಮಾಷೆಗೆ ಆಡಿದ ಮಾತು ನಿಜವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಒಳಗೆ ಕಾಲಿಟ್ಟರೆ ಪುಟ್ಟ ಸಂಸಾರವೇ ಇತ್ತು. ಹಿಂದಿನ ಸೀಟನ್ನು ಬಿಡಿಸಿದರೆ ಹಾಸಿಗೆ. ಛಾವಣಿಯನ್ನು ಮೇಲಕ್ಕೆತ್ತಿದರೆ ಮಗು ಮಲಗಲು ಒಂದು ಅಟ್ಟ. ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ ತೊಳೆಯಲು ಬೋಗುಣಿಯಷ್ಟು ಸಿಂಕು, ಡಬ್ಬಿಗಳಿಗೆ ಗೂಡು. ಎಂಜಿನ್ ಇರುವುದು ಹಿಂದುಗಡೆ. ಅದನ್ನು ತಂಪು ಮಾಡಲು ನೀರಿಲ್ಲ, ಗಾಳಿಯೇ ಸಾಕು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿಕೊಡುವುದು ಕಾರ್ಬ್ಯುರೇಟರ್; ಹಿಂದೆ ನಮ್ಮ ಮನೆಗಳಲ್ಲಿದ್ದ ಬಜಾಜ್ ಸ್ಕೂಟರಿನಲ್ಲಿ ಇತ್ತಲ್ಲ, ಅಂಥದೇ.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಗಾಡಿಗೆ, ದೊಡ್ಡ ಮಾರ್ಪಾಡು ಮಾಡಿಸಿರದಿದ್ದರೆ, ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ ಇಲ್ಲ. ಅಳಿಯಂದಿರಿಗೆ ಅದೊಂದು ಅನುಕೂಲವೆನಿಸಿತ್ತು. "ಅನುಕೂಲ ಏನು ಬಂತು? ಯಾರೂ ನೋಡೋರಿಲ್ಲ ಅಂತ ಅರ್ಥ" ಎಂದು ಮಗಳು ಚುಚ್ಚಿದಳು. ಬೇಸಿಗೆಯಲ್ಲೆಲ್ಲ ಚೆನ್ನಾಗಿ ಓಡಿದ ವ್ಯಾನು ಚಳಿ ಬಿದ್ದಮೇಲೆ ಎರಡು ಸಲ ನಡುದಾರಿಯಲ್ಲಿ ಮುಷ್ಕರ ಹೂಡಿತ್ತಂತೆ. "ಈ ಸಲವೂ ಕೈಕೊಟ್ರೆ ಮಾರಿಬಿಡೋದು, ಅಷ್ಟೇ" ಎಂದು ಹೊರಡುವ ಮುಂಚೆಯೇ ತೀರ್ಮಾನ ಹೇಳಿದಳು. ನಾನು ಬಾಯಿ ಹಾಕಲಿಲ್ಲ. ಮಗಳ ಮನೆಯಲ್ಲಿ ತಾಯಿ ಎಷ್ಟು ಮಾತಾಡಬೇಕೋ ಅಷ್ಟೇ ಆಡಬೇಕು ಎಂದು ನನ್ನ ತಾಯಿ ಹೇಳುತ್ತಿದ್ದರು.

ಗ್ಲಾಸ್ಗೋದಿಂದ ನಾವು ಹೊರಟ ಗ್ಲೆನ್‌ಕೋ ಕಣಿವೆಗೆ ಸುಮಾರು 145 ಕಿಲೋಮೀಟರ್. ಊರು ದಾಟಿದ ಸ್ವಲ್ಪ ಹೊತ್ತಿಗೇ ಲಾಕ್ ಲೋಮಂಡ್ ಸರೋವರ ಸಿಗುತ್ತದೆ. ಅಲ್ಲಿಯ ಜನ ಸರೋವರಕ್ಕೆ 'ಲಾಕ್' ಎನ್ನುತ್ತಾರೆ. ಉದ್ದ 36 ಕಿಲೋಮೀಟರ್ ಇದೆ. ರಸ್ತೆ ಅದರ ದಂಡೆ ಹಿಡಿದೇ ಹೋಗುತ್ತದೆ. ನೀರಿನ ಆಚೆ ಗುಡ್ಡ, ಗುಡ್ಡದ ಮೈಮೇಲೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದ ಜರೀಗಿಡ. ನಮ್ಮ ಸಕಲೇಶಪುರದ ಕಡೆಯ ಗುಡ್ಡಗಳನ್ನು ಯಾರೋ ಕಾವಿಯಲ್ಲಿ ಅದ್ದಿ ಇಟ್ಟ ಹಾಗೆ. ಕಣ್ಣಿನ ಮೇಲೆ ಕೂದಲು ಇಳಿಬಿದ್ದ ಅಲ್ಲಿಯ ಹಸುಗಳನ್ನು ಕಂಡು ಮೊಮ್ಮಗ, "ಅಜ್ಜಿ, ಅದಕ್ಕೆ ಜಡೆ ಹಾಕು" ಎಂದ.

ಟಿಂಡ್ರಮ್ ಎಂಬ ಹಳ್ಳಿಯಲ್ಲಿ ಟೀ ಕುಡಿದು ಹೊರಟಾಗ ನಾಲ್ಕು ಗಂಟೆ ದಾಟಿತ್ತು. ಜಿನುಗುಮಳೆ ಹಿಡಿದಿತ್ತು. ಚಳಿ ಐದು ಡಿಗ್ರಿಗೆ ಇಳಿದಿತ್ತು. ರಸ್ತೆ ಏರುತ್ತ ಹೋಗಿ ರಾನಕ್ ಮೂರ್ ಎಂಬ ಬಯಲಿಗೆ ಸೇರುತ್ತದೆ. ಬಯಲೆಂದರೆ ಹೊಲಗದ್ದೆಯ ಬಯಲಲ್ಲ. ನೂರಾರು ಚದರ ಹರದಾರಿ ಎನಿಸುವಷ್ಟು ಕಣ್ಣಿಗೆ ಹರಡಿಕೊಂಡ ಜವುಗು, ಕಪ್ಪು ಕೊಳೆಮಣ್ಣು, ನಡುನಡುವೆ ಕಪ್ಪುನೀರಿನ ಹೊಂಡ. ಈ ಜೌಗಿನ ಮೇಲೆ ರೈಲು ಹಾದಿ ಹಾಕುವಾಗ ನೆಲಕ್ಕೆ ಭಾರ ತಾಳುವ ಶಕ್ತಿಯಿಲ್ಲದೆ, ಮರದ ಬೇರು, ಪೊದೆಕಟ್ಟಿಗೆಗಳ ಹಾಸಿಗೆ ಹಾಸಿ, ಅದರ ಮೇಲೆ ಸಾವಿರಾರು ಟನ್ ಮಣ್ಣು, ಬೂದಿ ಸುರಿದು ಹಳಿ ಕೂರಿಸಿದರಂತೆ. ಆ ರೈಲು 1894ರಲ್ಲಿ ಶುರುವಾದದ್ದು ಇಂದಿಗೂ ಓಡುತ್ತಿದೆ. ಅಳಿಯಂದಿರು ಇದನ್ನೆಲ್ಲ ವಿವರಿಸುತ್ತಿದ್ದಾಗಲೇ ವ್ಯಾನು ಮುಕ್ಕರಿಸಿತು. ಎರಡು ಸಲ ಕೆಮ್ಮಿತು. ಕಾಲೊತ್ತಿದರೂ ಮುಂದೆ ಹೋಗದೆ, ಉಸ್ಸೆಂದು ನಿಂತಿತು.

ದೇವರ ದಯೆ, ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗವಿತ್ತು. ಅಳಿಯಂದಿರು ಇಳಿದು ಹಿಂದಿನ ಮುಚ್ಚಳ ತೆರೆದರು. ಮಳೆ ಬೀಳದಿರಲೆಂದು ನಾನು ಕೊಡೆ ಹಿಡಿದೆ. ಮಗಳು ಫೋಟೋ ತೆಗೆದದ್ದು ಆಗಲೇ, ಕೋಪಕ್ಕೆ. ಮಾರುವಾಗ ಗಂಡನಿಗೆ ತೋರಿಸಲು ಸಾಕ್ಷಿ ಬೇಕಂತೆ! ಅವರು ಪ್ಲಗ್ಗಿನ ವೈರು ಮುಟ್ಟಿದರು, ಪೆಟ್ರೋಲ್ ಬರುತ್ತಿದೆಯೇ ನೋಡಿದರು. ನನ್ನ ಕಣ್ಣು ಬೇರೆಡೆ ಬಿದ್ದಿತ್ತು. ಕಾರ್ಬ್ಯುರೇಟರಿನ ಕೆಳಗಿನ ಕೊಳವೆಯ ಮೇಲೆ ಬೆಳ್ಳಗೆ ಏನೋ ಕಟ್ಟಿತ್ತು. ಫ್ರಿಜ್ಜಿನ ಐಸ್ ಗೂಡಿನಲ್ಲಿ ಕಟ್ಟುತ್ತದಲ್ಲ, ಥೇಟ್ ಹಾಗೆಯೇ. ಸುತ್ತಲೂ ಎಂಜಿನ್ನಿನ ಝಳ ಮುಖಕ್ಕೆ ಹೊಡೆಯುತ್ತಿದೆ, ನಡುವೆ ಆ ಕೊಳವೆಯ ಮೇಲೆ ಮಾತ್ರ ಮಂಜು! ಹೇಳೋಣವೆಂದು ಬಾಯಿ ತೆರೆದೆ. 'ಇಂಜಿನಿಯರಿಂಗ್ ಓದಿದ ಅಳಿಯನಿಗೆ ನಾನೇನು ಹೇಳುವುದು' ಎಂದುಕೊಂಡು ಮುಚ್ಚಿಕೊಂಡೆ. ಹತ್ತು ನಿಮಿಷ ಕಳೆಯಿತು. ಬೆಳ್ಳಗಿನದು ಕರಗಿ ಹನಿಹನಿಯಾಗಿ ತೊಟ್ಟಿಕ್ಕಿತು. ಅಳಿಯಂದಿರು ಕೀಲಿ ತಿರುಗಿಸಿದರು, ಏನೂ ಆಗಿಲ್ಲವೆಂಬಂತೆ ವ್ಯಾನು ಹೊರಟಿತು. "ಏನೋ ಕಸ ಸಿಕ್ಕಿತ್ತು, ಹೋಯ್ತು" ಎಂದರು.

ಹೋಗಿರಲಿಲ್ಲ. ಕಾಲು ಗಂಟೆ ಕಳೆಯುವುದರೊಳಗೆ ಬಯಲಿನ ನಟ್ಟನಡುವೆ ಮತ್ತೆ ನಿಂತಿತು. ಈ ಸಲ ಪಕ್ಕಕ್ಕೆ ಜಾಗವಿಲ್ಲ, ಕತ್ತಲು ಇಳಿಯುತ್ತಿದೆ, ರಸ್ತೆಯ ತಿರುವು. ಹಿಂದಿನಿಂದ ಬಂದ ಲಾರಿಯೊಂದು ಕೊನೆ ಗಳಿಗೆಯಲ್ಲಿ ನಮ್ಮನ್ನು ಕಂಡು, ಹಾರನ್ ಒತ್ತುತ್ತ, ಪಕ್ಕದಲ್ಲೇ ರಪ್ಪನೆ ಹಾದುಹೋಯಿತು. ವ್ಯಾನು ತೊಟ್ಟಿಲಿನಂತೆ ಅಲುಗಿತು. ಮಗುವನ್ನು ಅವುಚಿಕೊಂಡ ಮಗಳ ಕೈ ನಡುಗುತ್ತಿತ್ತು. ಇಂದಿಗೂ ಆ ಹಾರನ್ ನನ್ನ ಕಿವಿಯಲ್ಲಿದೆ. ಮೊದಲ ಸಲವೇ ಹೇಳಿದ್ದರೆ ಸುರಕ್ಷಿತ ಜಾಗದಲ್ಲೇ ಯೋಚನೆ ಮಾಡಬಹುದಿತ್ತಲ್ಲ ಎಂದು ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಮಿನುಗುದೀಪ ಹಾಕಿ, ಮಗುವನ್ನೂ ಮಗಳನ್ನೂ ರಸ್ತೆಯಿಂದ ದೂರಕ್ಕೆ ಇಳಿಸಿ, ವ್ಯಾನನ್ನು ತಳ್ಳಿ ಅಂಚಿಗೆ ಸರಿಸಿದೆವು. ಆಮೇಲೆ ನಾನು ಹೇಳಿಯೇಬಿಟ್ಟೆ. "ನೋಡಿ, ನನಗೆ ಗಾಡಿ ವಿಷಯ ಗೊತ್ತಿಲ್ಲ. ಆದ್ರೆ ಆ ಕೊಳವೆ ಮೇಲೆ ಮಂಜುಗಡ್ಡೆ ಕಟ್ಟಿದೆ. ಆಗಲೂ ಕಟ್ಟಿತ್ತು. ಅದು ಕರಗಿದ ಮೇಲೇ ಗಾಡಿ ಹೊರಟದ್ದು." ಅವರು ಟಾರ್ಚ್ ಬಿಟ್ಟು ನೋಡಿದರು. ಬೆರಳಿನಿಂದ ಕೆರೆದರು. ಉಗುರಿಗೆ ಮಂಜು ಬಂತು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಆಗಲೇ ಯಾಕೆ ಹೇಳಲಿಲ್ಲ ಅತ್ತೆ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಐದು ಡಿಗ್ರಿ ಚಳಿಯಲ್ಲಿ ನೀರೇ ಹೆಪ್ಪುಗಟ್ಟುವುದಿಲ್ಲ, ಎಂಜಿನ್ನಿನೊಳಗೆ ಮಂಜು ಹೇಗೆ ಎಂದು ನೀವು ಕೇಳಬಹುದು. ಮಣ್ಣಿನ ಹೂಜಿಯನ್ನು ನೆನೆಸಿಕೊಳ್ಳಿ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಆದ್ದರಿಂದಲೇ ನೀರು ತಣ್ಣಗಾಗುತ್ತದೆ. ಪೆಟ್ರೋಲು ನೀರಿಗಿಂತ ಬಲು ಬೇಗ ಆವಿಯಾಗುತ್ತದೆ. ಕಾರ್ಬ್ಯುರೇಟರಿನಲ್ಲಿ ಅದು ಆವಿಯಾಗುವಾಗ ಅಲ್ಲಿಯ ಬಿಸಿ ಹತ್ತಿಪ್ಪತ್ತು ಡಿಗ್ರಿ ಇಳಿದುಬಿಡುತ್ತದೆ. ಹೊರಗಿನ ಗಾಳಿಯಲ್ಲಿ ತೇವವಿದ್ದರೆ ಆ ತೇವವೇ ಒಳಗೆ ಮಂಜಾಗಿ ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಗಾಡಿ ಉಸಿರುಕಟ್ಟಿ ನಿಲ್ಲುತ್ತದೆ. ನಿಂತಮೇಲೆ ಎಂಜಿನ್ನಿನ ಬಿಸಿ ತಗುಲಿ ಮಂಜು ಕರಗುತ್ತದೆ, ಗಾಡಿ ಮತ್ತೆ ಹೊರಡುತ್ತದೆ. ಕಳ್ಳ ಓಡಿಹೋದ ಮೇಲೆ ಪೊಲೀಸರು ಬಂದಂತೆ, ನೋಡುವ ಹೊತ್ತಿಗೆ ಸಾಕ್ಷಿಯೇ ಇರುವುದಿಲ್ಲ! ಕಡುಚಳಿಗಿಂತ ಹೀಗೆ ಜಿನುಗುಮಳೆಯ ತೇವದ ಚಳಿಯೇ ಇದಕ್ಕೆ ಹೆಚ್ಚು ಅನುಕೂಲ. ಕಾರ್ಬ್ಯುರೇಟರ್ ಇರುವ ಸಣ್ಣ ವಿಮಾನಗಳಿಗೂ ಈ ಕಾಟವಿದೆ; ಅದಕ್ಕೆಂದೇ ಬಿಸಿಗಾಳಿ ಬಿಡುವ ಒಂದು ಹಿಡಿ ಪೈಲಟ್ಟಿನ ಕೈಯಳತೆಯಲ್ಲಿರುತ್ತದೆ.

ಆ ರಾತ್ರಿ ಮುಚ್ಚಳ ಮುಚ್ಚಿ, ಎಂಜಿನ್ನಿನ ಬಿಸಿ ಹೊರಹೋಗದಂತೆ ನೋಡಿಕೊಂಡು ಹದಿನೈದು ನಿಮಿಷ ಕಾದು ಹೊರಟೆವು. ಮುಂದೆ ಜಾಗ ಸಿಕ್ಕ ಕಡೆ, ಅದು ಕೆಮ್ಮುವ ಮುಂಚೆಯೇ, ನಾವಾಗಿ ನಿಲ್ಲಿಸಿ ಸುಧಾರಿಸಿಕೊಳ್ಳಲು ಬಿಟ್ಟೆವು. ಗ್ಲೆನ್‌ಕೋದ ತಂಗುದಾಣ ಸೇರಿದಾಗ ರಾತ್ರಿ ಎಂಟು.

ಸೋದರಿಯರೇ, ಇಲ್ಲಿ ಒಂದು ಮಾತು ತಪ್ಪದೆ ಹೇಳಬೇಕು. ಚಳಿಗೆ ನಡುಗುತ್ತಿದ್ದ ಮಗಳು, "ಬಾಗಿಲು ಹಾಕಿ ಗ್ಯಾಸ್ ಒಲೆ ಹಚ್ಚಿಟ್ಟು ಮಲಗೋಣ, ವ್ಯಾನು ಬೆಚ್ಚಗಾಗುತ್ತೆ" ಎಂದಳು. ಅಳಿಯಂದಿರು ಗದರಿಸಿಯೇ ಬೇಡವೆಂದರು. ಅವರು ಹೇಳಿದ್ದು ಸರಿ. ಮುಚ್ಚಿದ ಜಾಗದಲ್ಲಿ ಒಲೆಯಾಗಲಿ, ಇದ್ದಿಲ ಅಗ್ಗಿಷ್ಟಿಕೆಯಾಗಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಚಳಿಗಾಲದಲ್ಲಿ ಬಾಣಂತಿ ಕೋಣೆಗೆ ಕೆಂಡ ಇಡುವ ಪದ್ಧತಿ ನಮ್ಮಲ್ಲೂ ಇದೆಯಲ್ಲ, ಅಲ್ಲಿಯೂ ಇದೇ ಅಪಾಯ. ಬಾಗಿಲು ತೆರೆದಿಟ್ಟು ಅಡುಗೆ ಮಾಡಿ, ಒಲೆ ಆರಿಸಿ, ಬಿಸಿನೀರಿನ ಚೀಲ ತಬ್ಬಿಕೊಂಡು ಮಲಗಿದೆವು.

ಅಡುಗೆಯೆಂದರೆ ನಾನು ಗ್ಲಾಸ್ಗೋದಲ್ಲೇ ಮಾಡಿ ಡಬ್ಬಿಗೆ ತುಂಬಿದ್ದ ಉಪ್ಪಿಟ್ಟಿನ ಮಿಶ್ರಣ. ನಿಮಗೂ ಪ್ರಯಾಣಕ್ಕೆ ಬಂದೀತು. ನಾಲ್ಕು ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ. ಕರಿಬೇವು ಗರಿಗರಿಯಾಗಬೇಕು, ಹಸಿ ಉಳಿದರೆ ಮಿಶ್ರಣ ಕೆಡುತ್ತದೆ. ಎರಡು ಲೋಟ ರವೆ ಸುರಿದು ಘಮ್ಮೆನ್ನುವವರೆಗೆ ಹುರಿದು, ಉಪ್ಪು ಬೆರೆಸಿ, ಪೂರ್ತಿ ಆರಿದಮೇಲೆ ಡಬ್ಬಿಗೆ ಹಾಕಿ. ಬೇಕೆನಿಸಿದಾಗ ಒಂದು ಲೋಟ ಮಿಶ್ರಣಕ್ಕೆ ಎರಡೂವರೆ ಲೋಟ ಕುದಿಯುವ ನೀರು. ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಟ್ಟರೆ ಮುಗಿಯಿತು.

ಬೆಳಿಗ್ಗೆ ಹೊಸ ಕಥೆ. ಹುಲ್ಲಿನ ಮೇಲೆಲ್ಲ ಬಿಳಿ ಇಬ್ಬನಿ. ಅಳಿಯಂದಿರು ಕೀಲಿ ತಿರುಗಿಸುತ್ತ ಕಾಲಲ್ಲಿ ದಬದಬನೆ ಒತ್ತಿದರು. ಪೆಟ್ರೋಲಿನ ವಾಸನೆ ಘಾಟು ಬಂತೇ ಹೊರತು ಗಾಡಿ ಏಳಲಿಲ್ಲ. ನಮ್ಮ ಯಜಮಾನರು ಇದ್ದಾಗ ಸಕಲೇಶಪುರದ ಚಳಿಯಲ್ಲಿ ಸ್ಕೂಟರಿಗೆ ಚೋಕ್ ಎಳೆದು, ಒಂದು ಪಕ್ಕಕ್ಕೆ ವಾಲಿಸಿ, ಒದೆಯುತ್ತಿದ್ದುದು ನೆನಪಾಯಿತು. ವಾಸನೆ ಬಂದರೆ ಅವರು ಸುಮ್ಮನೆ ಪಕ್ಕಕ್ಕೆ ನಿಂತು ಕಾಫಿ ಕೇಳುತ್ತಿದ್ದರು. ಈ ಸಲ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. "ಪೆಟ್ರೋಲ್ ಜಾಸ್ತಿಯಾಗಿದೆ. ಸ್ವಲ್ಪ ಹೊತ್ತು ಬಿಡಿ, ಕಾಫಿ ಮಾಡ್ತೀನಿ" ಎಂದೆ. "ಸರಿ ಅತ್ತೆ" ಎಂದರು.

ನೀವು ಪಂಪ್ ಸ್ಟೋವ್ ಹಚ್ಚಿದವರಾದರೆ ಇದು ಸುಲಭವಾಗಿ ತಿಳಿಯುತ್ತದೆ. ಬರ್ನರ್ ಕಾಯುವ ಮುಂಚೆ ಪಂಪ್ ಹೊಡೆದರೆ ಸೀಮೆಎಣ್ಣೆ ಆವಿಯಾಗದೆ ಹಾಗೇ ಚಿಮ್ಮಿ ಹೊಗೆಯೇಳುತ್ತದಲ್ಲವೇ? ತಣ್ಣಗಿನ ಎಂಜಿನ್ನಿನಲ್ಲಿಯೂ ಪೆಟ್ರೋಲು ಪೂರ್ತಿ ಆವಿಯಾಗುವುದಿಲ್ಲ. ಅದಕ್ಕೇ ಚೋಕ್ ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ. ಈ ವ್ಯಾನಿನಲ್ಲಿ ಚೋಕ್ ಎಳೆಯುವ ಹಿಡಿಯಿಲ್ಲ. ಕಾಲನ್ನು ಒಮ್ಮೆ ಪೂರ್ತಿ ಒತ್ತಿ ಬಿಟ್ಟರೆ ಚೋಕ್ ತಾನೇ ಕೂತುಕೊಳ್ಳುತ್ತದೆ. ಎಂಜಿನ್ ಓಡಿದಂತೆ ಕರೆಂಟಿನಿಂದ ಕಾಯುವ ಒಂದು ಸುರುಳಿ ಅದನ್ನು ಬಿಡಿಸುತ್ತದೆ. ಮತ್ತೆ ಮತ್ತೆ ಒತ್ತಿದರೆ ಪೆಟ್ರೋಲು ತುಂಬಿ ಪ್ಲಗ್ಗು ನೆನೆಯುತ್ತದೆ ಅಷ್ಟೇ. ಕಾಫಿ ಮುಗಿಸಿ, ಕಾಲನ್ನು ಪೂರ್ತಿ ಒತ್ತಿ ಹಿಡಿದು, ಆಡಿಸದೆ ಕೀಲಿ ತಿರುಗಿಸಿದಾಗ ಕರಿಹೊಗೆ ಬಿಟ್ಟು ವ್ಯಾನು ಎದ್ದಿತು.

ಪಕ್ಕದ ಬ್ಯಾಲಹೂಲಿಶ್ ಹಳ್ಳಿಯಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಸಿಕ್ಕರು. 1693ರಿಂದ 1955ರವರೆಗೆ ಮನೆಯ ಮಾಡಿಗೆ ಹೊದಿಸುವ ಸ್ಲೇಟುಕಲ್ಲು ತೆಗೆಯುತ್ತಿದ್ದ ಊರು ಅದು. ನಾವು ಬಳಪದಲ್ಲಿ ಬರೆಯುತ್ತಿದ್ದೆವಲ್ಲ, ಆ ಜಾತಿಯ ಕಲ್ಲು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಕೈ ಮಾಡಿದ್ದು ಪೂರ್ತಿ ತಿಳಿಯಿತು. ಎಂಜಿನ್ ಓಡುತ್ತಿರುವಾಗಲೇ ಎರಡು ಕೊಳವೆ ತೋರಿಸಿದರು. ಒಂದು, ಎಂಜಿನ್ನಿನ ಬಿಸಿಗಾಳಿಯನ್ನು ಕಾರ್ಬ್ಯುರೇಟರಿಗೆ ತರುವ ಮೆತ್ತನೆಯ ಕೊಳವೆ. ಅದು ಇರಲೇ ಇಲ್ಲ, ಬಾಯಿ ಮಾತ್ರ ಇತ್ತು. ಇನ್ನೊಂದು, ಹೊಗೆಯ ಬಿಸಿಯಿಂದ ಕಾರ್ಬ್ಯುರೇಟರಿನ ಕೆಳಗಿನ ಭಾಗವನ್ನು ಕಾಯಿಸುವ ಕೊಳವೆ. ಸುಡಬೇಕಾದ ಅದು ತಣ್ಣಗಿತ್ತು. ಬಚ್ಚಲ ಒಲೆಯ ಹೊಗೆಕೊಳವೆಯಲ್ಲಿ ಮಸಿ ಕಟ್ಟಿಕೊಂಡಂತೆ ವರ್ಷಗಳ ಮಸಿ ಕಟ್ಟಿ ಮುಚ್ಚಿಹೋಗಿತ್ತು. ಕಾರ್ಖಾನೆಯವರು ಚಳಿಗೆ ಸ್ವೆಟರು, ಮಫ್ಲರು ಎರಡೂ ಕೊಟ್ಟೇ ಕಳಿಸಿದ್ದರು. ಹಿಂದೆ ಇಟ್ಟುಕೊಂಡವರು ಯಾರೋ ಒಂದನ್ನು ಕಳೆದು ಇನ್ನೊಂದನ್ನು ಕೊಳೆ ಮಾಡಿದ್ದರು. ಮೊದಲನೆಯ ಕೊಳವೆಯನ್ನು ಆತ ಅಲ್ಲಿಯೇ ಹಾಕಿಕೊಟ್ಟರು. ಖರ್ಚು ಕೆಲವೇ ಪೌಂಡು. ಎರಡನೆಯದನ್ನು ಮನೆಗೆ ಹೋದಮೇಲೆ ಕಳಚಿಸಿ ತಂತಿ ಆಡಿಸಿ ಮಸಿ ತೆಗೆಸಿದೆವು.

ಗ್ಲೆನ್‌ಕೋ ಕಣಿವೆಯನ್ನು ಆಮೇಲೆ ಸಮಾಧಾನವಾಗಿ ನೋಡಿದೆವು. ಎರಡೂ ಕಡೆ ಕಪ್ಪುಬಂಡೆಯ ಬೆಟ್ಟ, ಬಂಡೆಯ ಮೇಲಿಂದ ಬೆಳ್ಳಿ ಎಳೆಯಂತೆ ಇಳಿವ ನೀರು. ಇಲ್ಲಿ 1692ರ ಫೆಬ್ರವರಿಯಲ್ಲಿ ರಾಜನ ಸೈನಿಕರು ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಎರಡು ವಾರದ ಹತ್ತಿರ ಅತಿಥಿಗಳಾಗಿ ಉಂಡು, ಒಂದು ಬೆಳಗಿನ ಜಾವ ಉಂಡ ಮನೆಯವರನ್ನೇ ಕೊಂದರು. ಸತ್ತವರು ಸುಮಾರು 38 ಮಂದಿ. ಹಿಮದಲ್ಲಿ ಓಡಿದ ಹೆಂಗಸರು ಮಕ್ಕಳಲ್ಲಿ ಇನ್ನಷ್ಟು ಜನ ಚಳಿಗೆ ಸತ್ತರೆಂದು ಹೇಳುತ್ತಾರೆ. ಹಿಂದಿನ ಸಂಜೆ ಮಗುವನ್ನು ಅವುಚಿಕೊಂಡು ಆ ಚಳಿಯಲ್ಲಿ ನಿಂತಿದ್ದ ನಮಗೆ ಅದು ಬರೀ ಚರಿತ್ರೆಯೆನಿಸಲಿಲ್ಲ. ಮಗಳು ಮಾತಿಲ್ಲದೆ ನನ್ನ ಕೈ ಹಿಡಿದುಕೊಂಡಳು.

ಮುಂದೆ ಫೋರ್ಟ್ ವಿಲಿಯಂ ಊರಿಗೆ ಹೋಗಿ ಬೆನ್ ನೆವಿಸ್ ನೋಡಿದೆವು. ಬ್ರಿಟನ್ನಿಗೆಲ್ಲ ಎತ್ತರದ ಬೆಟ್ಟ, 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಮಿಗಿಲೆಂದು ನಾನು ಹೇಳಿದಾಗ ಮೊಮ್ಮಗನಿಗೆ ಭಾರಿ ಹೆಮ್ಮೆ. ವಾಪಸು ಬರುವಾಗ ಅದೇ ಬಯಲು, ಅದೇ ಜಿನುಗುಮಳೆ. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ವ್ಯಾನು ಒಮ್ಮೆಯೂ ಕೆಮ್ಮಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಕಾರೋ ಸ್ಕೂಟರೋ ಇದ್ದರೆ ಇಷ್ಟು ನೆನಪಿಡಿ. ಚಳಿಯ ಬೆಳಿಗ್ಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿ ತಿರುಗಿಸಿ ಹಿಡಿಯಬೇಡಿ. ಬ್ಯಾಟರಿಗೂ ಚಳಿಯಲ್ಲಿ ಬಲ ಕಡಿಮೆ. ಪೆಟ್ರೋಲಿನ ವಾಸನೆ ಬಂದರೆ ನಿಲ್ಲಿಸಿ ಕಾಯಿರಿ. ಓಡದೆ ನಿಂತ ಗಾಡಿಯಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲು ಹಳಸುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಬಿರುಕು ಬಿಟ್ಟು ಬಿಸಿ ಎಂಜಿನ್ನಿನ ಮೇಲೆ ಸೋರಿದರೆ ಬೆಂಕಿಯೇ ಗತಿ.

ಮಗಳು ವ್ಯಾನನ್ನು ಮಾರಿಸಲಿಲ್ಲ. ಅಡುಗೆಮನೆಗೆ ಹೊಸ ಒಲೆಯೂ ಬಂತು. ಈಗಲೂ ಫೋನಿನಲ್ಲಿ ಗಾಡಿಯ ಸುದ್ದಿ ಬಂದಾಗ ಹಿಂದಿನಿಂದ ಅಳಿಯಂದಿರ ದನಿ ಕೇಳುತ್ತದೆ: "ಅತ್ತೆಗೆ ಏನನ್ಸುತ್ತೆ ಕೇಳು." ನಾನು ಕೊಡೆ ಹಿಡಿದು ನಿಂತ ಆ ಫೋಟೋವನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ. ಅದರಲ್ಲಿ ನನ್ನ ಬಾಯಿ ಅರ್ಧ ತೆರೆದಿದೆ. ಹೇಳಲು ಹೊರಟು ಸುಮ್ಮನಾದ ಗಳಿಗೆ ಅದು. ಕಣ್ಣಿಗೆ ಬಿದ್ದದ್ದನ್ನು, ತಿಳಿಯದಿದ್ದರೂ ಸರಿ, ಆಗಲೇ ಹೇಳಿಬಿಡಿ. ತಪ್ಪಾದರೆ ನಾಲ್ಕು ಜನ ನಕ್ಕಾರು. ಅಷ್ಟೇ ತಾನೇ?